ಕಳೆದುಹೋಗದ ನಗರವನ್ನು ‘ಕಂಡುಹಿಡಿದ’ ಕಥೆ

ಜೋರ್ಡಾನಿನ ದಕ್ಷಿಣದ ಮರುಭೂಮಿಯಲ್ಲಿ ಬಂಡೆ ಕೊರೆದು ಕಟ್ಟಿದ ಪೆಟ್ರಾ ನಗರವಿದೆ. ಶತಮಾನಗಳ ಕಾಲ ಕಳೆದುಹೋಗಿದ್ದ ಈ ನಗರವನ್ನು 1812ರಲ್ಲಿ ಸ್ವಿಸ್ ಪ್ರವಾಸಿ ಬರ್ಕ್‌ಹಾರ್ಟ್ ಕಂಡುಹಿಡಿದನೆಂದು ಪ್ರವಾಸಿ ಕೈಪಿಡಿಗಳು ಹೇಳುತ್ತವೆ. ಅದು ಯಾರ ಪಾಲಿಗೆ ಕಳೆದುಹೋಗಿತ್ತು ಎಂದು ನಾವು ಕೇಳುವುದೇ ಇಲ್ಲ.

ಪೆಟ್ರಾವನ್ನು ಕಟ್ಟಿದವರು ನಬಾತಿಯನ್ ಅರಬರು. ಸಾಂಬ್ರಾಣಿಯ ವ್ಯಾಪಾರದಿಂದ ಸಿರಿವಂತರಾದ ಇವರು ಮರುಭೂಮಿಯ ಹಠಾತ್ ನೆರೆಯನ್ನು ಒಡ್ಡು ಕಟ್ಟಿ ತಡೆದು, ಬಂಡೆಯಲ್ಲಿ ಕಾಲುವೆ ಕೊರೆದು, ತೊಟ್ಟಿಗಳಲ್ಲಿ ನೀರು ಕೂಡಿಟ್ಟರು. ಕ್ರಿ.ಶ. 106ರಲ್ಲಿ ರೋಮನ್ನರು ಅವರ ರಾಜ್ಯವನ್ನು ವಶಪಡಿಸಿಕೊಂಡರು. ವ್ಯಾಪಾರದ ದಾರಿಗಳು ಬದಲಾದವು, ಭೂಕಂಪಗಳಾದವು, ನಗರ ಕಳೆಗುಂದಿತು. ಆದರೆ ಆ ನೆಲ ಮರೆತುಹೋಗಲಿಲ್ಲ. 12ನೇ ಶತಮಾನದಲ್ಲಿ ಶಿಲುಬೆ ಯುದ್ಧದ ಸೈನಿಕರು ಅಲ್ಲಿ ಕೋಟೆ ಕಟ್ಟಿದರು. 1276ರಲ್ಲಿ ಮಮ್ಲೂಕ್ ಸುಲ್ತಾನ ಬೈಬರ್ಸ್ ಅದೇ ದಾರಿಯಲ್ಲಿ ಹಾದುಹೋದ.

ಇನ್ನು ಬರ್ಕ್‌ಹಾರ್ಟನ ‘ಶೋಧ’ವನ್ನೇ ನೋಡಿ. ಶೇಖ್ ಇಬ್ರಾಹೀಮ್ ಎಂಬ ಹೆಸರಿಟ್ಟುಕೊಂಡು, ಪ್ರವಾದಿ ಹಾರೂನರ ಸಮಾಧಿಯ ಬಳಿ ಆಡಿನ ಬಲಿ ಕೊಡಬೇಕೆಂಬ ನೆಪ ಹೇಳಿ ಆತ ಅಲ್ಲಿಗೆ ಹೋದ. ಕರೆದೊಯ್ದವನು ಸ್ಥಳೀಯ ಮಾರ್ಗದರ್ಶಿ. ದಾರಿ ತೋರಿಸಿದವನಿಗೆ ಗೊತ್ತಿದ್ದ ಊರನ್ನು ಅವನ ಹಿಂದೆ ನಡೆದವನು ಕಂಡುಹಿಡಿಯುವುದೆಂದರೇನು? ಪ್ರವಾಸಿಗರು ಇಂದಿಗೂ ಬಳಸುವ ಖಜ್ನಾ, ದೈರ್, ಸೀಕ್ ಎಂಬ ಹೆಸರುಗಳೆಲ್ಲ ಆ ನೆಲದವರ ಅರಬಿ ಹೆಸರುಗಳು. ಮೂಲೆ ಮೂಲೆಗೂ ಹೆಸರಿರುವ ಊರನ್ನು ಕಳೆದುಹೋದ ಊರೆಂದು ಹೇಗೆ ಕರೆಯುವುದು?

ಇದು ಬರಿಯ ಪದಗಳ ಜಗಳವಲ್ಲ. ಬ್ದೂಲ್ ಎಂಬ ಬೆದೂಯಿನ್ ಬುಡಕಟ್ಟಿನವರು ಪೆಟ್ರಾದ ಗುಹೆಗಳಲ್ಲಿ ಸಂಸಾರ ಮಾಡಿಕೊಂಡು, ಆಡು ಮೇಯಿಸಿಕೊಂಡು ಬದುಕಿದ್ದರು. 1985ರಲ್ಲಿ ಯುನೆಸ್ಕೊ ಪೆಟ್ರಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸರಕಾರ ಬ್ದೂಲರನ್ನು ಪಕ್ಕದಲ್ಲೇ ಕಟ್ಟಿಸಿದ ಉಮ್ಮ್ ಸೈಹೂನ್ ಎಂಬ ಹಳ್ಳಿಗೆ ಸಾಗಿಸಿತು. ಇಪ್ಪತ್ತು ವರ್ಷಗಳ ನಂತರ, 2005ರಲ್ಲಿ, ಇದೇ ಯುನೆಸ್ಕೊ ಪೆಟ್ರಾ ಮತ್ತು ವಾದಿ ರಮ್‌ನ ಬೆದೂಯಿನರ ಸಂಸ್ಕೃತಿಯನ್ನು ಮಾನವಕುಲದ ಅಮೂಲ್ಯ ಪರಂಪರೆ ಎಂದು ಸಾರಿತು. ಮನುಷ್ಯರನ್ನು ಮನೆಯಿಂದ ಹೊರಗಿಟ್ಟ ಮೇಲೆ ಅವರ ಸಂಸ್ಕೃತಿಗೆ ಸನ್ಮಾನ!

ಹಾಗಾದರೆ ಅವರು ಗುಹೆಯಲ್ಲೇ ಉಳಿಯಬೇಕಿತ್ತೇ ಎಂದು ಕೇಳುವವರಿದ್ದಾರೆ. ಹೊಸ ಹಳ್ಳಿಯಲ್ಲಿ ವಿದ್ಯುತ್ತು, ನೀರು, ಶಾಲೆ ಸಿಕ್ಕಿದ್ದು ನಿಜ. ಮಕ್ಕಳಿಗೆ ಶಾಲೆ ಬೇಡವೆಂದು ಯಾವ ತಾಯಿಯೂ ಹೇಳಲಾರಳು. ಆದರೆ ಶಾಲೆಗೆ ಬೆಲೆಯಾಗಿ ಮನೆಯನ್ನೇ ಕೇಳುವುದು ಯಾವ ನ್ಯಾಯ? ಸ್ಮಾರಕದ ಗಡಿಗೆ ತಾಗಿಕೊಂಡಿರುವ ಆ ಹಳ್ಳಿ ಬೆಳೆಯಲು ಜಾಗವಿಲ್ಲ. ಮಕ್ಕಳು, ಮೊಮ್ಮಕ್ಕಳು ಹೆಚ್ಚಿದಂತೆ ಮನೆಗಳು ಕಿಕ್ಕಿರಿದಿವೆ. ಒಂದು ಕಾಲದಲ್ಲಿ ತಮ್ಮದಾಗಿದ್ದ ಅಂಗಳದಲ್ಲೇ ಅವರು ಕತ್ತೆ, ಒಂಟೆಗಳ ಸವಾರಿಗಾಗಿ ಪ್ರವಾಸಿಗರನ್ನು ಕರೆಯುತ್ತಾರೆ. ನಾವು ಅವರನ್ನು ‘ಕಾಟ ಕೊಡುವವರು’ ಎನ್ನುತ್ತೇವೆ.

ಪೆಟ್ರಾ ನೋಡಬಾರದೆಂದು ಯಾರೂ ಹೇಳುತ್ತಿಲ್ಲ. ಭೂಮಿಯ ಮೇಲೆ ಸಂಚರಿಸಿ ಗತಿಸಿದವರ ಪರಿಣಾಮವನ್ನು ನೋಡಿರೆಂದು ಕಲಿತವರು ನಾವು. ಆದರೆ ಗತಿಸಿದವರನ್ನು ನೋಡಲು ಹೋಗಿ ಬದುಕಿರುವವರನ್ನು ಕಾಣದಿದ್ದರೆ ಅದು ಎಂಥ ಪಾಠ? ಖಜ್ನಾದ ಮುಂದೆ ಫೋಟೋ ತೆಗೆಸಿಕೊಂಡು ಬಂದವರು, ಅದರ ಆಸುಪಾಸಿನ ಗುಹೆಗಳಲ್ಲಿ ನಿನ್ನೆ ಮೊನ್ನೆಯವರೆಗೆ ಒಲೆ ಉರಿಯುತ್ತಿತ್ತು ಎಂಬುದನ್ನೂ ಊರವರಿಗೆ ಹೇಳಲಿ.