ಬೆಸುಗೆಯ ರಾಳವೂ ಧೂಪದ ಮರವೂ

ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸೌರದೀಪವೋ ರೇಡಿಯೋವೋ ಮೂಲೆ ಸೇರಿರುತ್ತದೆ. ಅನೇಕ ವೇಳೆ ಕೆಟ್ಟಿರುವುದು ತೇವಕ್ಕೆ ಸಿಕ್ಕಿ ಬಿಟ್ಟುಹೋದ ಒಂದು ತಂತಿಯ ಬೆಸುಗೆ ಮಾತ್ರ. ಆದರೂ ಇಡೀ ಉಪಕರಣವೇ ತೋಟದಂಚಿನ ಗುಂಡಿಗೆ ಬೀಳುತ್ತದೆ. ಬೆಸುಗೆಯಲ್ಲಿರುವ ಸೀಸ ಮಣ್ಣಿಗೆ ಸೇರುತ್ತದೆ. ಹಾಗೆ ಸೇರಿದ ಸೀಸವನ್ನು ಯಾವ ಗೊಬ್ಬರವೂ ತೆಗೆಯಲಾರದು. ವಿದ್ಯುನ್ಮಾನ ತ್ಯಾಜ್ಯದ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಆದರೆ ಘಟ್ಟದ ಒಂಟಿಮನೆಯವರೆಗೆ ಅವುಗಳ ಕೈ ಚಾಚುವುದು ಅಪರೂಪ. ಆದಕಾರಣ ದುರಸ್ತಿಯ ವಿದ್ಯೆ ಊರಿನಲ್ಲಿಯೇ ನೆಲೆಸಬೇಕಾಗಿದೆ.

ಬೆಸುಗೆಗೆ ಕಾದ ಕಡ್ಡಿ ಮತ್ತು ತವರದ ತಂತಿ ಇದ್ದರೆ ಸಾಲದು. ತಾಮ್ರದ ಮೇಲಿನ ಕಿಲುಬು ಹೋಗದೆ ತವರ ಹಿಡಿಯದು. ಆ ಕಿಲುಬನ್ನು ತೆಗೆಯುವ ಪದಾರ್ಥವೇ ಫ್ಲಕ್ಸ್. ಪೈನ್ ಮರದ ರಾಳದಿಂದ ಟರ್ಪೆಂಟೈನ್ ಭಟ್ಟಿ ಇಳಿಸಿದ ಮೇಲೆ ಉಳಿಯುವ ಹೊಂಬಣ್ಣದ ಗಟ್ಟಿಯಾದ ರೋಸಿನ್ ಈ ಕೆಲಸಕ್ಕೆ ಅತ್ಯುತ್ತಮ. ಪಿಟೀಲಿನ ಕಮಾನಿಗೆ ತಿಕ್ಕುವುದೂ ಇದನ್ನೇ. ತಣ್ಣಗಿರುವಾಗ ಅದು ಜಡ. ಕಾದು ಕರಗಿದಾಗ ಅದರಲ್ಲಿರುವ ಅಬಿಯೆಟಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ, ತಣಿದೊಡನೆ ಮತ್ತೆ ಜಡವಾಗುತ್ತದೆ. ತಗಡಿನ ಬೆಸುಗೆಗೆ ಬಳಸುವ ಜಿಂಕ್ ಕ್ಲೋರೈಡ್ ಹಾಗಲ್ಲ. ಅದು ಆಷಾಢದ ತೇವ ಹೀರಿ ತಾಮ್ರವನ್ನೇ ತಿನ್ನುತ್ತದೆ.

ತಯಾರಿಕೆ ಸರಳ. ಸುಮಾರು 25 ಗ್ರಾಂ ರೋಸಿನ್ನನ್ನು ಪುಡಿಮಾಡಿ, 75 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಾಕಿ, ಒಂದು ದಿನ ಆಗಾಗ ಅಲುಗಿಸಿ, ಬಟ್ಟೆಯಲ್ಲಿ ಸೋಸಿ, ಬಿಗಿಮುಚ್ಚಳದ ಗಾಜಿನ ಸೀಸೆಯಲ್ಲಿ ಇರಿಸಬೇಕು. ಬೇಗ ಕರಗಲೆಂದು ಒಲೆಯ ಮೇಲಿಡುವುದು ಅಪಾಯ, ಆಲ್ಕೋಹಾಲ್ ಹೊತ್ತಿಕೊಳ್ಳುತ್ತದೆ. ರೋಸಿನ್ ಹೊಗೆ ಉಬ್ಬಸಕ್ಕೆ ಕಾರಣವಾಗುವುದು ಕಾರ್ಮಿಕರ ಆರೋಗ್ಯ ವಿಜ್ಞಾನ ಬಹುಕಾಲದಿಂದ ಬಲ್ಲ ಸಂಗತಿ. ಅಡುಗೆಮನೆಯಲ್ಲಲ್ಲ, ಗಾಳಿಯಾಡುವ ಜಗಲಿಯಲ್ಲಿ ಕೆಲಸ ನಡೆಯಲಿ. ಊಟಕ್ಕೆ ಮುನ್ನ ಕೈತೊಳೆಯುವುದನ್ನು ಶಾಲೆಯ ಮಕ್ಕಳಿಗೆ ಮೊದಲ ಪಾಠವಾಗಿಯೇ ಹೇಳತಕ್ಕದ್ದು.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ರಾಳವೆಂದೊಡನೆ ಹತ್ತಿರದ ಕಾಡಿನ ಧೂಪದ ಮರಕ್ಕೆ ಕತ್ತಿ ಹಾಕುವ ಉತ್ಸಾಹ ಕೆಲವರಲ್ಲಿ ಹುಟ್ಟಬಹುದು. ಸಾಲುಧೂಪ, ರಾಳಧೂಪಗಳ ಅಂಟು ರಾಸಾಯನಿಕವಾಗಿ ಬೇರೆಯೇ. ಪೈನ್ ರಾಳದ ಆಮ್ಲಗುಣ ಅದಕ್ಕಿಲ್ಲ. ಬುಡಕ್ಕೆ ಗಾಯಮಾಡಿ ಬೆಂಕಿಯಿಟ್ಟು ರಾಳ ತೆಗೆಯುವ ಪದ್ಧತಿಯಿಂದ ಮರ ಸಾಯುತ್ತದೆ, ಬೆಸುಗೆಯೂ ಕೂಡುವುದಿಲ್ಲ.

ಪೈನ್ ರಾಳಕ್ಕೂ ಗಾಯದ ಕಥೆಯಿದೆ. ಹಿಮಾಲಯದ ಗೋಪೇಶ್ವರದಲ್ಲಿ ಚಂಡಿಪ್ರಸಾದ ಭಟ್ಟರ ದಶೋಲಿ ಸಂಘವು 1971ರಲ್ಲಿ ರೋಸಿನ್, ಟರ್ಪೆಂಟೈನ್ ತಯಾರಿಸುವ ಸಣ್ಣ ಘಟಕವೊಂದನ್ನು ತೆರೆದಿತ್ತು. ಬೆಟ್ಟದ ರಾಳವೆಲ್ಲ ಬಯಲಿನ ದೊಡ್ಡ ಕಾರ್ಖಾನೆಗಳ ಪಾಲಾಗಿ, ಬೆಟ್ಟದವರ ಘಟಕಕ್ಕೇ ಕಚ್ಚಾವಸ್ತು ಸಿಗದೆಹೋಯಿತು. 1973ರ ಚಿಪ್ಕೊ ಹುಟ್ಟಿದ್ದು ಅದೇ ಜನರ ನಡುವೆ. ಹತ್ತು ವರ್ಷಗಳ ಬಳಿಕ ಸಾಲ್ಕಣಿಯಲ್ಲಿ ಅಪ್ಪಿಕೊ. ಅಂಗಡಿಯಿಂದ ತರುವ ಆ ಹೊಂಬಣ್ಣದ ತುಂಡು ಎಲ್ಲಿಯೋ ಒಂದು ಬೆಟ್ಟದ್ದೇ. ಒಂದು ಶಾಲೆಗೆ ವರ್ಷಕ್ಕೆ ಒಂದು ಸಣ್ಣ ಸೀಸೆ ಧಾರಾಳ. ಕುಂಚದ ತುದಿಯಷ್ಟು ಹಚ್ಚಿದರೆ ಬೆಸುಗೆ ಹಿಡಿಯುತ್ತದೆ.