ಆಕಾಶಮಾರ್ಗವೂ ಮನೆಯ ಹೊಸ್ತಿಲೂ

ತಾಯಿಯು ಹಾಸಿಗೆ ಹಿಡಿದಿರುವಾಗ, ಅಮೇರಿಕೆಯಲ್ಲಿರುವ ಮಗನು ಹೊರಟನೆಂಬ ವರ್ತಮಾನವು ಬಂದೊಡನೆ ಮನೆಯವರೆಲ್ಲರೂ ಕೇಳುವ ಪ್ರಶ್ನೆಯು ಒಂದೇ: ಎಷ್ಟು ಹೊತ್ತಿಗೆ ಬಂದಾನು? ಒಮ್ಮೊಮ್ಮೆ ಅಂತ್ಯಕ್ರಿಯೆಯ ವೇಳೆಯೂ ಈ ಉತ್ತರವನ್ನೇ ಅವಲಂಬಿಸಿರುತ್ತದೆ. ಬೆಳಗಾವಿ, ಖಾನಾಪುರಗಳ ಮಕ್ಕಳು ಪರದೇಶಗಳಲ್ಲಿ ನೆಲೆಸಿರುವ ಈ ಕಾಲದಲ್ಲಿ ಗೃಹಸ್ಥರು ಇದರ ಲೆಕ್ಕವನ್ನು ಅರಿತಿರುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಮೊದಲು ದೂರವನ್ನು ವಿಚಾರಿಸೋಣ. ಸ್ಯಾನ್‌ಫ್ರಾನ್ಸಿಸ್ಕೋ ನಗರದಿಂದ ಬೆಂಗಳೂರಿಗೆ ಆಕಾಶಮಾರ್ಗವಾಗಿ ಸುಮಾರು 14,000 ಕಿಲೋಮೀಟರು. ಗೋಡೆಯ ನಕಾಶೆಯನ್ನು ನೋಡಿದವರಿಗೆ ಈ ಹಾದಿಯು ಮಹಾಸಾಗರದ ಮೇಲೆಯೇ ಇರಬೇಕೆಂದು ತೋರುವುದು. ಆದರೆ ಭೂಮಿಯು ಗೋಲಾಕಾರವಷ್ಟೆ! ಮಕ್ಕಳ ಭೂಗೋಲದ ಮೇಲೆ ಈ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿರಿ. ಅದು ಉತ್ತರಧ್ರುವದ ಸಮೀಪದಲ್ಲಿ ಹಾಯುತ್ತದೆ.

ಇನ್ನು ಕಾಲ. 2021ನೆಯ ಇಸವಿಯ ಜನವರಿ 9ರ ರಾತ್ರಿ ಏರ್ ಇಂಡಿಯಾದ ವಿಮಾನವೊಂದು, ಸ್ತ್ರೀಯರೇ ಚಾಲಕರಾಗಿ, ಅಲ್ಲಿಂದ ಈ ಧ್ರುವಮಾರ್ಗವನ್ನು ಹಿಡಿದು 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ತಾರೀಖುಗಳನ್ನು ನೋಡಿದರೆ 30 ಗಂಟೆ ಮಿಕ್ಕಂತೆ ಕಾಣುವುದು. ಆದರೆ ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಕಳೆದರೆ ಹಾರಿದ ಕಾಲವು ಸುಮಾರು 17 ಗಂಟೆ ಮಾತ್ರ. ಬೇಸಗೆಯಲ್ಲಿ ಅವರು ತಮ್ಮ ಗಡಿಯಾರವನ್ನು ಮುಂದಿಡುವುದರಿಂದ ಈ ಅಂತರವು ಹನ್ನೆರಡೂವರೆ ಗಂಟೆಯಾಗುವುದು.

ಆದರೆ ತಾಯಿಯು ಕಾದಿರುವುದು ನಿಲ್ದಾಣದಲ್ಲಲ್ಲ, ಖಾನಾಪುರದ ಮನೆಯಲ್ಲಿ. ಮಗನು ತನ್ನ ಮನೆಯನ್ನು ಬಿಟ್ಟು ವಿಮಾನವನ್ನೇರಲು 4 ಗಂಟೆ, ಹಾರಾಟ 17, ಬೆಂಗಳೂರಿನಲ್ಲಿ ತಪಾಸಣೆ ಮುಗಿಸಿ ಮುಂದಿನ ವಿಮಾನಕ್ಕೆ ಕಾಯುವುದು 4, ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಒಂದೂಕಾಲು, ಸಾಮಾನನ್ನು ಪಡೆದು, ಬೆಳಗಾವಿ ಪಟ್ಟಣವನ್ನು ಹಾಯ್ದು, ಸುಮಾರು 36 ಕಿಲೋಮೀಟರು ಕ್ರಮಿಸಲು ಒಂದೂ ಮುಕ್ಕಾಲು. ಒಟ್ಟು 28 ಗಂಟೆ. ನಮ್ಮ ಹಿರಿಯರ ಎಣಿಕೆಯಲ್ಲಿ 70 ಘಳಿಗೆ. ಇದು ಎಲ್ಲವೂ ಅನುಕೂಲವಾದಾಗಿನ ಮಾತು. ನೇರ ವಿಮಾನವು ದೊರೆಯದಿದ್ದರೆ ನಡುದಾರಿಯ ಕಾಯುವಿಕೆಯನ್ನೂ, ಮನೆಯು ಕಣಕುಂಬಿಯ ಕಾಡಿನ ಕಡೆಗಿದ್ದರೆ ಮಳೆಗಾಲದ ಹಳ್ಳಕೊಳ್ಳಗಳನ್ನೂ ಇದಕ್ಕೆ ಕೂಡಿಸತಕ್ಕದ್ದು.

ಆದಕಾರಣ ಬರುವವನು ತಲಪುವ ಹೊತ್ತನ್ನು ನಮ್ಮ ಗಡಿಯಾರದಂತೆಯೇ ತಿಳಿಸಲಿ. ಮನೆಯವರು ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸಲಿ. ಎಲ್ಲಕ್ಕೂ ಮಿಗಿಲಾದ ಮಾತೊಂದುಂಟು. ದೂರದಲ್ಲಿರುವವನಿಗೆ ಗಾಬರಿಯೇಕೆಂದು ಹೆತ್ತವರ ಕಾಯಿಲೆಯನ್ನು ಎರಡು ದಿನ ಮುಚ್ಚಿಡುವ ರೂಢಿಯು ನಮ್ಮಲ್ಲಿದೆ. ಆ ಎರಡು ದಿನಗಳಲ್ಲಿ ಅವನು ಬಂದು ತಾಯಿಯ ಬಳಿ ಕುಳಿತಿರಬಹುದಾಗಿತ್ತು. ಹಾಗೆ ಕಳೆದ ಹೊತ್ತನ್ನು ಯಾವ ವಿಮಾನವೂ ಮರಳಿ ತಂದುಕೊಡಲಾರದು.