ಕಸ ಕೀಳುವ ಕೈಗಳ ಕುರಿತು

ಉಮರಗಾ, ನಿಲಂಗಾ, ಉದಗೀರಗಳ ಎರೆಭೂಮಿಯಲ್ಲಿ ಮುಂಗಾರು ಬಿದ್ದೊಡನೆ ಬದುಗಳನ್ನೂ ದಾರಿಯ ಇಕ್ಕೆಲಗಳನ್ನೂ ಆಕ್ರಮಿಸುವ, ಮರಾಠಿಗರು ಗಾಜರ್ ಗವತವೆಂದೂ ಕನ್ನಡಿಗರು ಕಾಂಗ್ರೆಸ್ ಕಸವೆಂದೂ ಕರೆಯುವ ಪಾರ್ಥೇನಿಯಂ, 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡ ಅಮೆರಿಕ ಖಂಡದ ಸಸ್ಯ. ಗಜ್ಜರಿಯ ಸೊಪ್ಪಿನಂತೆ ಸೀಳಿದ ಎಲೆ, ರೋಮಗಳಿಂದ ಕೂಡಿದ ಗೆರೆಗೆರೆಯ ಕಾಂಡ, ಐದು ಮೂಲೆಯ ಪುಟ್ಟ ಬಿಳಿಯ ಹೂಗೊಂಡೆ ಇವು ಅದರ ಲಕ್ಷಣಗಳು. ಒಂದೇ ಗಿಡ ಸಾವಿರಾರು ಬೀಜಗಳನ್ನು ಚೆಲ್ಲುವುದರಿಂದ, ಹೂ ಬಿಡುವುದಕ್ಕೆ ಮುನ್ನ, ನೆಲ ಹಸಿಯಾಗಿರುವಾಗಲೇ ಬೇರುಸಹಿತ ಕೀಳುವುದು ಯುಕ್ತ. ಹೂಬಿಟ್ಟುದನ್ನು ತಿಪ್ಪೆಗೆ ಎಸೆದರೆ ಬೀಜವು ಗೊಬ್ಬರದೊಡನೆ ಮರಳಿ ಹೊಲ ಸೇರುತ್ತದೆ.

ಆದರೆ ಕೀಳುವವರು ಯಾರು? ಸೋಯಾ, ತೊಗರಿಯ ಸಾಲುಗಳಲ್ಲಿ ಬಾಗಿ ಬರಿಗೈಯಿಂದ ಕಸ ತೆಗೆಯುವ ಕೂಲಿಯ ಹೆಣ್ಣುಮಕ್ಕಳು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಿಷವು ಪದೇಪದೇ ಸೋಂಕಿದಾಗ ಬೆರಳಸಂದು, ಕಣ್ಣರೆಪ್ಪೆ, ಕೊರಳು ಕೆಂಪಾಗಿ ತುರಿಸಿ, ಚರ್ಮ ದಪ್ಪಗಟ್ಟಿ ಬಿರಿಯುತ್ತದೆ. ಒಮ್ಮೆ ಒಗ್ಗದಂತಾದ ದೇಹಕ್ಕೆ ಗಾಳಿಯಲ್ಲಿ ತೇಲಿಬರುವ ಅದರ ಧೂಳೂ ಸಾಕು. ಆದುದರಿಂದ ಹೊಲದೊಡೆಯನು ಕೂಲಿಯೊಡನೆ ಕೈಗವಸನ್ನೂ ತುಂಬುತೋಳಿನ ಅಂಗಿಯನ್ನೂ ಒದಗಿಸತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ; ಅದನ್ನು ದಾನವೆಂದು ಎಣಿಸಬಾರದು. ಈಗಾಗಲೇ ಮೈ ತುರಿಸುವವರನ್ನು ಈ ಕೆಲಸಕ್ಕೆ ಕರೆಯಲೇಬಾರದು. ದೇವಣಿ ಹಸುಗಳ ಈ ಸೀಮೆಯಲ್ಲಿ ಕಿತ್ತ ಗಿಡವನ್ನು ಮೇವಿನೊಡನೆ ಬೆರೆಯಗೊಡದಿರುವುದೂ ಅವಶ್ಯ; ತಿಂದ ದನದ ಹಾಲು ಕಹಿಯಾಗುತ್ತದೆ.